ಟಿಟಿಕಾಕದ ಗಂಡಸರ ಹೆಣಿಗೆ

ಪ್ರೀತಿಯ ಗೆಳೆಯ,

ಪೆರುವಿನ ಪುನೋ ಊರಿಂದ ಬರೀತಿದ್ದೀನಿ. ಟಿಟಿಕಾಕ ಸರೋವರ ಇರೋದು 3,812 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಮ್ಮಿ ಎರಡರಷ್ಟು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು, ರಾತ್ರಿ ತಲೆಸಿಡಿತ. ಕೋಕಾ ಎಲೆ ಹಾಕಿದ ಬಿಸಿನೀರು ಕೊಡ್ತಾರೆ, ಲೋಟಗಟ್ಟಲೆ ಕುಡಿದೆ.

ಊರೋಸ್ ಜನರ ತೇಲುವ ದ್ವೀಪಗಳ ಫೋಟೊ ನೀನು ನೋಡಿರ್ತೀಯ. ಅಲ್ಲಿ ಮಣ್ಣೇ ಇಲ್ಲ ಮಾರಾಯ. ತೊತೊರಾ ಅನ್ನೋ ಜೊಂಡಿನ ಬೇರುಗಡ್ಡೆಯನ್ನ ದೊಡ್ಡ ದೊಡ್ಡ ತುಂಡಾಗಿ ಕೊಯ್ದು, ಒಂದಕ್ಕೊಂದು ಹಗ್ಗದಲ್ಲಿ ಬಿಗಿದು, ಮೇಲೆ ಅದೇ ಜೊಂಡನ್ನ ಅಡ್ಡಡ್ಡ ಉದ್ದುದ್ದ ಹಾಸ್ತಾರೆ. ಕಾಲಿಟ್ಟರೆ ಮೆತ್ತಗೆ ತಗ್ಗುತ್ತೆ. ಕೆಳಗಿನದು ಕೊಳೀತಾ ಹೋದ ಹಾಗೆ ಮೇಲೆ ಹೊಸದು ಹಾಸ್ತಾನೇ ಇರಬೇಕು. ಗಾಳಿಗೆ ಕೊಚ್ಚಿಹೋಗದ ಹಾಗೆ ಇಡೀ ದ್ವೀಪವನ್ನ ಗೂಟಕ್ಕೆ ಕಟ್ಟಿರ್ತಾರೆ! ಜೊಂಡಿನ ಬಿಳಿ ಬುಡ ಸುಲಿದು ತಿನ್ನೋಕೂ ಕೊಟ್ಟರು, ನೀರುನೀರು, ಸಪ್ಪೆ. ಆದರೆ ದೋಣಿ ಬಂದದ್ದೇ ತಡ ಹಾಡು ಶುರು, ಹಾಡು ಮುಗಿದದ್ದೇ ತಡ ವ್ಯಾಪಾರ. ಅವರ ಹೊಟ್ಟೆಪಾಡು, ತಪ್ಪು ಅನ್ನಲಾರೆ. ಮುಜುಗರ ಆಗಿದ್ದು ನನಗೆ.

ಮನಸ್ಸು ಕಚ್ಚಿಕೊಂಡದ್ದು ತಕೀಲೆ ದ್ವೀಪದಲ್ಲಿ. ಇದು ಕಲ್ಲುಮಣ್ಣಿನದೇ. ಕೆಚುವಾ ಮಾತಾಡೋ ಜನ. ದಡದಿಂದ ಊರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ನಾನು ಕೂತು ಎದ್ದು ಹತ್ತುವಾಗ ಒಬ್ಬ ಅಜ್ಜ ಕುತ್ತಿಗೆಗೆ ನೂಲು ಸುತ್ತಿಕೊಂಡು, ಟೊಪ್ಪಿ ಹೆಣೀತಾ ನನ್ನನ್ನ ದಾಟಿ ಹೋದ. ಕಡ್ಡಿಗಳ ಕಡೆ ನೋಡಲೂ ಇಲ್ಲ. ಇಲ್ಲಿ ಹೆಣಿಗೆ ಗಂಡಸರ ಕೆಲಸ, ಎಂಟು ವರ್ಷಕ್ಕೇ ಹುಡುಗರ ಕೈಗೆ ಕಡ್ಡಿ ಬರುತ್ತಂತೆ. ನೆಲಕ್ಕೆ ಗೂಟ ಹೊಡೆದ ಮಗ್ಗದಲ್ಲಿ ನೇಯೋರು ಹೆಂಗಸರು. ಬಿತ್ತನೆ, ಹಬ್ಬ ಎಲ್ಲದರ ಗುರುತು ಇರೋ ಸೊಂಟಪಟ್ಟಿ ನೇಯ್ತಾರೆ, ವರ್ಷದ ಪಂಚಾಂಗವೇ ಅದು. 2005ರಲ್ಲಿ ಯುನೆಸ್ಕೊ ಈ ನೇಯ್ಗೆಗೆ ಮನ್ನಣೆ ಕೊಟ್ಟಿದೆ. ಟೊಪ್ಪಿ ಪೂರ್ತಿ ಕೆಂಪಾದರೆ ಮದುವೆ ಆಗಿದೆ ಅಂತ, ಮೇಲರ್ಧ ಬಿಳಿ ಇದ್ದರೆ ಇನ್ನೂ ಇಲ್ಲ. ನಿನಗೆ ಯಾವುದು ತಗೊಂಡೆ ಅಂತ ಬೇರೆ ಹೇಳಬೇಕಾ?

ಅಂಗಡಿ ಇಡೀ ಊರಿನದು, ಒಂದೇ ರೇಟು, ಚೌಕಾಸಿ ಇಲ್ಲ. ಬಂದ ಅತಿಥಿಗಳನ್ನ ಸರದಿ ಪ್ರಕಾರ ಮನೆಗಳಿಗೆ ಹಂಚ್ತಾರೆ. ಊರೋಸ್‌ನಲ್ಲಿ ಆದ ಮುಜುಗರ ಇಲ್ಲಿ ಆಗದೇ ಇದ್ದದ್ದಕ್ಕೆ ಇದೇ ಕಾರಣ ಇರಬೇಕು: ವ್ಯಾಪಾರದ ಲಗಾಮು ಅವರ ಕೈಯಲ್ಲೇ ಇದೆ.

ನೀನು ಬಂದರೆ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರೋ ಟೂರು ಬೇಡ. ಪುನೋದಿಂದ ದೋಣಿಗೆ ಮೂರು ತಾಸು ಬೇಕು. ತಕೀಲೆಯಲ್ಲಿ ಒಂದು ರಾತ್ರಿ ಉಳಿ, ದಪ್ಪ ಸ್ವೆಟರ್ ತಾ.

ಇತಿ,
ನಿನ್ನವನೇ