ಅಜ್ಜಿ ರೂಮು

ವಿಜಯನಗರ, ಬೆಂಗಳೂರು

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ಯಾವ ಕ್ಯಾಮೆರಾ ಹಾಕಿಸಲಿ ಅಂತ ಕೇಳಿದೆಯಲ್ಲ, ಆಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಿಮ್ಮ ಹಿಂದಿನ ಬೀದಿಯಲ್ಲಿ ಕಳ್ಳರು ನುಗ್ಗಿದ್ದರು ಅಂದಾಗ ನಿನ್ನ ದನಿಯಲ್ಲಿ ಗಾಬರಿ ಇತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಮನೆಯವರಿಗೆ ಉಪಯೋಗವಾಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಕ್ಯಾಮೆರಾ ಹಾಕಿಸು, ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ನಿಮ್ಮಪ್ಪ ಎಲ್ಲಿರಬೇಕು, ಮಕ್ಕಳು ಏನು ಮಾಡಬೇಕು ಅಂತ ಕ್ಯಾಮೆರಾ ಹೇಳುವುದಿಲ್ಲ ಕಣೋ.

ನಮ್ಮ ಮನೆಗೆ ನುಗ್ಗಿದ್ದು ನಿನಗೆ ಗೊತ್ತು. ಪೂರ್ತಿ ಏನಾಯಿತು ಅಂತ ನಾನು ಯಾರಿಗೂ ಹೇಳಿರಲಿಲ್ಲ. ರಾತ್ರಿ ಎರಡೂವರೆ ಗಂಟೆ. ತಾರಸಿ ಬಾಗಿಲ ಚಿಲಕ ಮುರಿದು ಇಬ್ಬರು ಮೆಟ್ಟಿಲಿಳಿದು ಬಂದಿದ್ದರು. ಸದ್ದಿಗೆ ಎದ್ದವನೇ ಮಗನ ಕ್ರಿಕೆಟ್ ಬ್ಯಾಟು ಹಿಡಿದು ಹಾಲಿಗೆ ಓಡಿದೆ. ಸುಮಾ ಮಕ್ಕಳ ರೂಮಿಗೆ ಓಡಿದಳು. ಫೋನುಗಳೆರಡೂ ಹಾಲಿನಲ್ಲಿ ಚಾರ್ಜಿಗೆ ಹಾಕಿದ್ದವು. ಅಷ್ಟರಲ್ಲಿ ಅಮ್ಮ, ಮಂಡಿ ನೋವಿನ ಅಮ್ಮ, "ಏನೋ ಅದು ಸದ್ದು" ಅಂತ ಗೋಡೆ ಹಿಡಿದುಕೊಂಡು ಕತ್ತಲೆಯಲ್ಲೇ ಆಚೆ ಬಂದಳು. ಒಂದು ಕಡೆ ನಾನು, ಇನ್ನೊಂದು ಕಡೆ ರಾಡು ಹಿಡಿದವನು, ನಡುವೆ ಅಮ್ಮ. ಕಳ್ಳರು ಅವಳನ್ನು ತಳ್ಳಿ, ತಾವು ಬಂದ ದಾರಿಯಲ್ಲೇ ಓಡಿಹೋದರು. ಅಮ್ಮನ ಮಣಿಕಟ್ಟು ಮುರಿಯಿತು.

ಹೋದದ್ದು ಒಂದು ಲ್ಯಾಪ್‌ಟಾಪ್. ಬಂದವರೆಲ್ಲ "ಸದ್ಯ, ಒಡವೆ ಉಳಿಯಿತಲ್ಲ" ಅಂದರು. ನನಗೆ ಮಾತ್ರ ಇವತ್ತಿಗೂ ಕಣ್ಣು ಮುಚ್ಚಿದರೆ ಆ ಕತ್ತಲೆಯಲ್ಲಿ ಗೋಡೆ ಹಿಡಿದು ನಿಂತ ಅಮ್ಮ ಕಾಣುತ್ತಾಳೆ. ನಾವು ಐದು ಜನ ಐದು ದಿಕ್ಕಿಗೆ ಹೋಗಿದ್ದೆವು. ಅದೇ ತಪ್ಪು.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಇದು. ಮನೆಯಲ್ಲಿ ಯಾರು ನಿಧಾನವಾಗಿ ನಡೆಯುತ್ತಾರೋ ಅವರ ರೂಮೇ ಎಲ್ಲರೂ ಸೇರುವ ರೂಮು. ಮೊದಲು ನಮ್ಮ ಬೆಡ್‌ರೂಮು ಅಂದುಕೊಂಡಿದ್ದೆವು, ಬಾಗಿಲು ಗಟ್ಟಿ ಅಂತ. ಆದರೆ ಅಲ್ಲಿಗೆ ಬರಲು ಅಮ್ಮ ಹಾಲು ದಾಟಬೇಕು. ಅವಳು ನಮ್ಮ ಹತ್ತಿರ ಬರುವುದಕ್ಕಿಂತ ನಾವು ನಾಲ್ವರು ಅವಳ ಹತ್ತಿರ ಓಡುವುದು ಸುಲಭ ಅಲ್ವಾ? ಈಗ ಯಾರಿಗೆ ಅನುಮಾನ ಬಂದರೂ "ಅಜ್ಜಿ ರೂಮು" ಅಂತ ಕೂಗಬೇಕು. ಬೇರೆ ಏನೂ ಹೇಳಬೇಕಾಗಿಲ್ಲ. ಮಕ್ಕಳು ಯಾಕೆ, ಏನು ಅಂತ ಕೇಳುವಂತಿಲ್ಲ. ನಿಮ್ಮ ಮನೆಯಲ್ಲಿ ಅದು ನಿಮ್ಮಪ್ಪ ಅವರ ರೂಮು. ಅವರು ಮಂಚದಿಂದ ಏಳದೆಯೇ ಎಲ್ಲ ಆಗಬೇಕು.

ಆ ರೂಮಿನ ಬಾಗಿಲು ನೋಡು. ಎಷ್ಟೋ ಮನೆಗಳಲ್ಲಿ ರೂಮಿನ ಒಳಗಡೆ ಅಲ್ಯೂಮಿನಿಯಂ ಚಿಲಕ, ಅರ್ಧ ಇಂಚಿನ ಸ್ಕ್ರೂ. ಒಂದು ಒದೆಗೆ ಕಿತ್ತು ಬರುತ್ತದೆ. ನಾನು ಸ್ಟೀಲಿನದು ಹಾಕಿಸಿ, ಚೌಕಟ್ಟಿನೊಳಗೆ ಆಳಕ್ಕೆ ಇಳಿಯುವ ಎರಡಿಂಚಿನ ಸ್ಕ್ರೂ ಹೊಡೆಸಿದೆ. ಖರ್ಚು ಏನೂ ಇಲ್ಲ. ತಾರಸಿ ಬಾಗಿಲಿಗೂ ಹಾಗೇ ಮಾಡಿಸು. ನಾವೆಲ್ಲ ಮುಂಬಾಗಿಲಿಗೆ ಸೆಂಟರ್ ಲಾಕು, ಗ್ರಿಲ್ ಗೇಟು ಅಂತ ಸುರಿಯುತ್ತೇವೆ. ತಾರಸಿ, ಯುಟಿಲಿಟಿ ಬಾಗಿಲು ಹಾಗೇ ಬಿಟ್ಟಿರುತ್ತೇವೆ. ಪಕ್ಕದ ಮನೆಗೂ ನಮಗೂ ನಡುವೆ ಒಂದು ಹೆಜ್ಜೆ ದೂರ ಇರುವ ಈ ಊರಿನಲ್ಲಿ ತಾರಸಿಯಿಂದ ತಾರಸಿಗೆ ಹಾರುವುದು ಏನು ಕಷ್ಟ?

ರಾತ್ರಿ ಒಂದು ಫೋನು ಆ ರೂಮಿನಲ್ಲೇ ಚಾರ್ಜಿಗಿರಲಿ. 112ಕ್ಕೆ ಕರೆ ಮಾಡಿ ಮೊದಲು ವಿಳಾಸ ಹೇಳಬೇಕು, ಆಮೇಲೆ ವಿಷಯ. ಲೈನು ಕಟ್ಟಾದರೂ ಹೊಯ್ಸಳ, ಅಂದರೆ ಪೊಲೀಸರ ಗಸ್ತು ಗಾಡಿ, ಎಲ್ಲಿಗೆ ಬರಬೇಕು ಅಂತ ಗೊತ್ತಾಗಿರುತ್ತದೆ. ಬೆಂಗಳೂರಿನಲ್ಲಿ ಮೂರನೇ ಕ್ರಾಸು ಎಷ್ಟು ಇವೆಯೋ! ಅದಕ್ಕೇ ಕ್ರಾಸು, ಮೇನು, ಬಡಾವಣೆ, ಹತ್ತಿರದ ದೇವಸ್ಥಾನ ಎಲ್ಲ ಒಂದು ಚೀಟಿಯಲ್ಲಿ ಬರೆದು ಅಮ್ಮನ ಮಂಚದ ಪಕ್ಕ ಅಂಟಿಸಿದ್ದೇನೆ. ಭಯದಲ್ಲಿ ನಮ್ಮ ಮನೆ ನಂಬರೇ ನಮಗೆ ನೆನಪಿರುವುದಿಲ್ಲ. ಮಕ್ಕಳಿಂದ ಅದನ್ನು ಜೋರಾಗಿ ಓದಿಸಿದ್ದೇನೆ. ಪೊಲೀಸರು ಬಂದರೆ ಬಾಗಿಲು ತೆಗೆಯಲು ಯಾರೂ ಆಚೆ ಹೋಗಬಾರದು. ಮುಂಬಾಗಿಲು, ಗ್ರಿಲ್ಲಿನ ಇನ್ನೊಂದು ಜೊತೆ ಬೀಗದ ಕೈ ಆ ರೂಮಿನಲ್ಲಿದೆ, ಕೆಂಪು ಬಟ್ಟೆ ಕಟ್ಟಿ. ಕಿಟಕಿಯಿಂದ ಎಸೆದರೆ ಆಯಿತು.

ನಮ್ಮ ಬೀದಿಯವರು ಖಾರದ ಪುಡಿ ಇಟ್ಟುಕೊಳ್ಳಿ, ಮಚ್ಚು ಇಟ್ಟುಕೊಳ್ಳಿ ಅಂತಾರೆ. ನಾನು ಒಪ್ಪುವುದಿಲ್ಲ. ಕತ್ತಲೆಯಲ್ಲಿ ಎರಚಿದ ಖಾರ ಯಾರ ಕಣ್ಣಿಗೆ ಬೀಳುತ್ತದೆ ಅಂತ ಯಾರು ಬಲ್ಲರು? ಕೈಯಿಂದ ಮಚ್ಚು ಕಿತ್ತುಕೊಂಡರೆ? ಆತ್ಮರಕ್ಷಣೆಯ ಹಕ್ಕು ನಮಗಿದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಓಡುವವನನ್ನು ಓಡಲು ಬಿಡು. ಎದುರಿಗೇ ಸಿಕ್ಕಿಬಿಟ್ಟರೆ ಅವನಿಗೂ ಬಾಗಿಲಿಗೂ ನಡುವೆ ನಿಲ್ಲಬೇಡ. ಕೇಳಿದ್ದು ಕೊಟ್ಟುಬಿಡು. ಗುರುತು ಸಿಕ್ಕರೂ "ನೀನು ಇಂಥವನಲ್ವಾ" ಅಂತ ಬಾಯಿ ಬಿಡಬೇಡ.

ಶೋಭಾಗೆ ಒಡವೆಯ ಚಿಂತೆ ಇದ್ದೇ ಇರುತ್ತದೆ. ಬ್ಯಾಂಕ್ ಲಾಕರಿಗೆ ಹಾಕಿಬಿಡಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬ್ಯಾಂಕಿನಲ್ಲೇ ಕಳ್ಳತನವಾದರೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕು ಕೊಡಬೇಕು. ಒಡವೆಯ ಬೆಲೆಗೆ ಅದು ಸಾಲುವುದಿಲ್ಲ, ನಿಜ. ಆದರೆ ಬೀರುವಿನಲ್ಲಿ ಚಿನ್ನ ಇಲ್ಲ ಅಂದರೆ, ಅದನ್ನು ಉಳಿಸಲು ಯಾರೂ ಕತ್ತಲೆಯಲ್ಲಿ ಹಾಲಿಗೆ ಓಡುವುದಿಲ್ಲ. ನನಗೆ ಅದು ದೊಡ್ಡದು.

ಹಬ್ಬಕ್ಕೆ ಊರಿಗೆ ಹೊರಟಾಗ ಸ್ಟೇಷನ್ನಿಗೆ ಹೇಳಿ ಹೋಗು, ಬೀಟಿನವರು ಒಂದು ಕಣ್ಣಿಡಲಿ. ವಾಪಸು ಬಂದಾಗ ಬೀಗ ಮುರಿದಿದ್ದರೆ ಒಳಗೆ ಕಾಲಿಡಬೇಡ, ಅವರು ಇನ್ನೂ ಒಳಗೇ ಇರಬಹುದು. ಏನನ್ನೂ ಮುಟ್ಟದೆ ಬೀದಿಯಿಂದಲೇ 112ಕ್ಕೆ ಮಾಡು. ಬೆರಳಚ್ಚಿನವರಿಗೆ ಗುರುತು ಸಿಗಬೇಕಲ್ಲ.

ಒಂದು ಸಲ ದೀಪ ಆರಿಸಿ ಎಲ್ಲರೂ ಮಾಡಿ ನೋಡಿ. ನಮ್ಮ ಮನೆಯಲ್ಲಿ ಮೊದಲ ಸಲ ಮಗಳು ಅತ್ತಳು. ಆಮೇಲೆ ಅಮ್ಮನೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಲ್ಲರೂ ನನ್ನ ಹತ್ತಿರ ಬರುತ್ತೀರಲ್ಲ, ನನಗೇನು ಭಯ" ಅಂದಳು. ಈಗ ಮಗಳೇ ತಿಂಗಳಿಗೊಮ್ಮೆ ನೆನಪಿಸುತ್ತಾಳೆ.

ಭಾನುವಾರ ಬೆಳಗ್ಗೆ ಬರುತ್ತೇನೆ. ಡ್ರಿಲ್ಲಿಂಗ್ ಮಷೀನು ನನ್ನ ಹತ್ತಿರ ಇದೆ. ಸ್ಟೀಲ್ ಚಿಲಕ ಎರಡು, ಎರಡಿಂಚಿನ ಸ್ಕ್ರೂ ಒಂದು ಪೊಟ್ಟಣ ತಂದಿಟ್ಟಿರು. ಅಪ್ಪ ಅವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ರಘು