ಭಾನುವಾರದ ಕುದುರೆಮುಖ ಓಟ: ಬುಧವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ನಸುಕಿನ 4 ಗಂಟೆಗೆ ಮಂಗಳೂರಿನ ಮಂಗಳಾ ಕ್ರೀಡಾಂಗಣದ ಎದುರಿನಿಂದ ವ್ಯಾನ್ ಹೊರಡುತ್ತದೆ. ಕಾರ್ಕಳದವರು ಬಜಗೋಳಿಯಲ್ಲಿ ಹತ್ತಬಹುದು. ತಡವಾದವರಿಗೆ ಕಾಯುವುದಿಲ್ಲ.

ಓಟ ಸಂಸೆ ಕಡೆಯಿಂದ ಮುಳ್ಳೋಡಿಯವರೆಗಿನ ಜೀಪ್ ದಾರಿಯಲ್ಲಿ ಮಾತ್ರ. ಅಲ್ಲಿಂದ ಮುಂದೆ ರಾಷ್ಟ್ರೀಯ ಉದ್ಯಾನ. ಮಾರ್ಗದರ್ಶಿಯ ಹಿಂದೆ ನಡಿಗೆ. 1,892 ಮೀಟರ್ ಎತ್ತರದ ಶಿಖರದಲ್ಲಿ ಗಡಿಯಾರ ನೋಡುವ ಹುಚ್ಚು ಬೇಡ.

ಅರಣ್ಯ ಇಲಾಖೆಯ ಅನುಮತಿಗೆ ಪ್ರತಿಯೊಬ್ಬರ ಗುರುತಿನ ಚೀಟಿ ಬೇಕು. ಚಿತ್ರವನ್ನು ನನಗೆ ಪ್ರತ್ಯೇಕವಾಗಿ ಕಳುಹಿಸಿ, ದಯವಿಟ್ಟು ಗುಂಪಿಗೆ ಹಾಕಬೇಡಿ. ಮೂಲ ಚೀಟಿಯೂ ಜೊತೆಗಿರಲಿ.

ನೀರಿಗೆ ಸ್ಟೀಲ್ ಬಾಟಲಿ, ಉಂಬಳಕ್ಕೆ (ಜಿಗಣೆಗೆ) ಉಪ್ಪು ಮತ್ತು ಉದ್ದನೆಯ ಕಾಲುಚೀಲ, ಮಳೆ ಅಂಗಿ ತನ್ನಿ. ಹಳೆಯ ನುಣುಪಾದ ಶೂ ಹಾಕಿಕೊಂಡು ಬಂದರೆ ಹುಲ್ಲಿನ ಇಳಿಜಾರಿನಲ್ಲಿ ಜಾರುಬಂಡೆ ಆಡಬೇಕಾದೀತು. ಕೆಲವೆಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ.

ಮರಳುವಾಗ ಕುದುರೆಮುಖದ ಹಳೆಯ ಗಣಿ ಪಟ್ಟಣದಲ್ಲಿ ಚಹಾಕ್ಕೆ ನಿಲ್ಲೋಣ. ಅಲ್ಲಿಂದ ಕಬ್ಬಿಣದ ಅದಿರಿನ ಕೆಸರು ಕೊಳವೆಯಲ್ಲಿ ನಮ್ಮ ಪಣಂಬೂರಿಗೇ ಹರಿದು ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮುಚ್ಚಿದ ಗಣಿ ಪ್ರದೇಶದೊಳಗೆ ಯಾರೂ ನುಗ್ಗಬಾರದು, ಸೆಲ್ಫಿಗೂ ಇಲ್ಲ.

ಬರುವವರು ಬುಧವಾರ ರಾತ್ರಿಯೊಳಗೆ ಹೆಸರು ಮತ್ತು ಹತ್ತುವ ಸ್ಥಳ ಬರೆಯಿರಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.