ಸೆಲ್ಫ್ ಹೊಡದ್ರೂ ಟ್ರ್ಯಾಕ್ಟರ್ ಚಾಲೂ ಆಗಲಿಲ್ಲಂದ್ರ

ಎಲ್ಲರಿಗೂ ಶರಣ್ರಿ. ತೊಗರಿ ರಾಶಿ ದಿನ. ಮುಂಜಾನಿ ಥಂಡ್ಯಾಗ ಹಳೇ ಗಾಡಿ ಚಾಲೂ ಆಗವಲ್ದು ಅಂತ ಗ್ರೂಪಿನಾಗ ದಿನಾ ವಾಯ್ಸ್ ಮೆಸೇಜ್ ಬರ್ಲಾಕತ್ಯಾವ. ಕಲಬುರಗಿಯಿಂದ ಮಿಸ್ತ್ರಿ ಕರಸೂಕಿಂತ ಮೊದಲ ಇಷ್ಟು ನೋಡ್ರಿ.

ಗೇರ್ ನ್ಯೂಟ್ರಲ್‌ನಾಗ ಇರಲಿ, ಬಂದ್ ಮಾಡೋ ನಾಬ್ ಪೂರಾ ಒಳಗಿರಲಿ. ನಗಬ್ಯಾಡ್ರಿ, ಹೋದ ವಾರ ನಾನೇ ನಾಬ್ ಎಳದು ಬಿಟ್ಟು ಅರ್ಧ ತಾಸು ಒದ್ದಾಡೀನಿ.

ಕೀಲಿ ತಿರುವಿದಾಗ ಬರೇ ‘ಟಕ್’ ಅಂದ್ರ ಬ್ಯಾಟರಿ ಕಡೆ ಹೋಗ್ರಿ. ಟರ್ಮಿನಲ್ ಮ್ಯಾಲ ಬೆಳ್ಳಗ, ಹಸರಗ ಪುಡಿ ಕುಂತಿರ್ತದ. ಮೊದಲ ಮೈನಸ್ ವೈರ್ ಬಿಚ್ಚಿ, ಬಿಸಿನೀರಾಗ ಅಡಗಿ ಸೋಡಾ ಕಲಸಿ ತೊಳದು, ಒರಸಿ ಬಿಗೀರಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಸ್ತದ. 12ರ ಕೆಳಗಿದ್ರ ಚಾರ್ಜಿಗಿ ಹಾಕ್ರಿ.

ಸೆಲ್ಫ್ (ಸ್ಟಾರ್ಟರ್ ಮೋಟರ್) ಜೋರ್ ತಿರಗತದ, ಸೈಲೆನ್ಸರ್‌ನಾಗ ಹೊಗಿ ಮಾತ್ರ ಇಲ್ಲ ಅಂದ್ರ ಡೀಸೆಲ್ ಮುಟ್ಟಿಲ್ಲ. ಟ್ಯಾಂಕ್ ಖಾಲಿಯಾಗಿತ್ತು ಇಲ್ಲಾ ಫಿಲ್ಟರ್ ಬದಲಿ ಮಾಡಿದ್ರಿ ಅಂದ್ರ ಡೀಸೆಲ್ ಪೈಪಿನಾಗ ಏರ್ (ಗಾಳಿ) ಹಿಡದಿರ್ತದ. ಡೀಸೆಲ್ ಕಾಕ್ (ನಳ) ತೆರದು, ಫಿಲ್ಟರ್ ಮ್ಯಾಲಿನ ಏರ್ ಸ್ಕ್ರೂ ಎರಡು ಸುತ್ತು ಸಡಲ್ ಮಾಡಿ ಕೈಪಂಪ್ ಹೊಡೀರಿ. ಮೊದಲ ಬುರುಗು ಬರ್ತದ, ಗುಳ್ಳಿ ಒಡೀತಾವ. ಗುಳ್ಳಿ ನಿಂತು ಡೀಸೆಲ್ ಸೀದಾ ಹರದ ಮ್ಯಾಲ ಪಂಪ್ ಒತ್ತಿಟ್ಟೇ ಸ್ಕ್ರೂ ಬಿಗೀರಿ. ಅವಸರ ಮಾಡಿದ್ರ ಮತ್ತ ಅದೇ ಹಾಡು.

ಸೆಲ್ಫ್ 10 ಸೆಕೆಂಡಿನ ಮ್ಯಾಲ ಹೊಡೀಬ್ಯಾಡ್ರಿ, ಕಾಯಿಲ್ ಸುಡತದ. ಕೆಳಗ ನಿಂತು ಸೆಲ್ಫಿನ ಟರ್ಮಿನಲ್‌ಗಿ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡೋ ಚಟ ಬಿಡ್ರಿ; ಗೇರಿನಾಗಿದ್ರ ಗಾಡಿ ಮೈಮ್ಯಾಲೇ ಬರ್ತದ.

ಇಷ್ಟಾದ್ರೂ ಆಗಲಿಲ್ಲಂದ್ರ ಸೆಲ್ಫ್ ಸಪ್ಪಳದ ವಿಡಿಯೋ ಹಾಕ್ರಿ, ಬರೇ ಫೋಟೋ ಬ್ಯಾಡ.